ಇಳಿಸುವ ಮಜ್ಜಿಗೆ

ಗಜೇಂದ್ರಗಡದಿಂದ ರೋಣದ ಕಡೆ ಹೋಗುವಾಗ, ರಾಜೂರ ದಾಟಿದ ಮೇಲೆ ಎಡಗಡೆ ಎರಡು ತಗಡಿನ ಶೆಡ್ಡುಗಳಿವೆ. ಒಂದು ನನ್ನ ಬೈಕ್ ಗ್ಯಾರೇಜು, ಇನ್ನೊಂದು ಹೊಳೆವ್ವನ ಮಜ್ಜಿಗೆ ಅಂಗಡಿ. ಹದಿನಾಲ್ಕು ವರ್ಷದಿಂದ ನಾವು ನೆರೆಹೊರೆ. ಗಂಡ ತೀರಿಕೊಂಡ ವರ್ಷ ಒಂದು ಎಮ್ಮೆ, ಒಂದು ಗಡಿಗೆ, ಮೂರು ಸ್ಟೀಲ್ ಗ್ಲಾಸು ಇಟ್ಟುಕೊಂಡು ಇಲ್ಲಿ ಕೂತವಳು. ಆ ಅಂಗಡಿಯಿಂದಲೇ ಮಗಳು ಉಮಾಳನ್ನು ಓದಿಸಿ ಬೆಳವಣಕಿಗೆ ಮದುವೆ ಮಾಡಿಕೊಟ್ಟಳು. ಬಾಯಿ ಜೋರು, ಕೈ ಧಾರಾಳ. ನನ್ನನ್ನು ಮಿಸ್ತ್ರಿ ಎನ್ನುತ್ತಾಳೆ. ನನ್ನ ಹೆಸರು ಅವಳಿಗೆ ಗೊತ್ತಿದೆಯೋ ಇಲ್ಲವೋ, ನಾನೂ ಕೇಳಿಲ್ಲ.

ಅವಳ ಮಜ್ಜಿಗೆಗೆ ಹೆಸರು ಬಂದದ್ದು ಬಿಸಿಲಿನಿಂದಲ್ಲ, ಕುಡುಕರಿಂದ. ಗಜೇಂದ್ರಗಡದಲ್ಲಿ ಕುಡಿದು ಗಾಡಿ ಹತ್ತಿದವರು ಇಲ್ಲಿ ನಿಲ್ಲುತ್ತಾರೆ. ಹುಳಿ ಮಜ್ಜಿಗೆ, ಅದಕ್ಕೆ ಜಜ್ಜಿದ ಅಜವಾನ, ಹಸಿ ಉಳ್ಳಾಗಡ್ಡಿ, ಅರ್ಧ ಲಿಂಬೆಹಣ್ಣು. ಎರಡು ಗ್ಲಾಸು ಕುಡಿದು, ಮುಖ ತೊಳೆದು, ಒಂದು ತೇಗು ಬಂತೆಂದರೆ ಏರಿದ್ದು ಇಳಿಯಿತು ಎಂದು ಅರ್ಥ. "ಇನ್ನ ಹೋಗಪಾ, ಏನೂ ಆಗಂಗಿಲ್ಲ" ಎಂದು ಹೊಳೆವ್ವ ಹೇಳಿದಳೆಂದರೆ ಅದು ಡಾಕ್ಟರು ಬರೆದುಕೊಟ್ಟ ಚೀಟಿ ಇದ್ದಂತೆ. ಆ ಚೀಟಿ ತೆಗೆದುಕೊಂಡು ನಾನೂ ಎಷ್ಟೋ ಸಲ ಮನೆಗೆ ಹೋಗಿದ್ದೇನೆ. ಸುಳ್ಳು ಯಾಕೆ ಹೇಳಲಿ?

ಎರಡು ವರ್ಷದ ಹಿಂದೆ ಸೂಡಿ ಊರಿನ, ಗಾರೆ ಕೆಲಸದ ಒಬ್ಬ ಗೌಂಡಿ ಅವಳ ಅಂಗಡಿಯಿಂದ ಎದ್ದು ಹೋದವನು, ಹತ್ತು ನಿಮಿಷದೊಳಗೆ ರಸ್ತೆ ಬದಿಗೆ ನಿಂತಿದ್ದ ಟ್ರ್ಯಾಕ್ಟರಿಗೆ ಹಿಂದಿನಿಂದ ಬಡಿದು ಸತ್ತ. ಗಾಡಿ ನನ್ನ ಗ್ಯಾರೇಜಿಗೇ ಬಂತು. ಹ್ಯಾಂಡಲ್ಲು ಸೀಟಿನವರೆಗೆ ಮಡಚಿತ್ತು. ಆಗ ಹೊಳೆವ್ವ ಹೇಳಿದ ಮಾತು ಈ ರಸ್ತೆಯುದ್ದಕ್ಕೂ ಹಬ್ಬಿತು. "ಒಂದ ಗ್ಲಾಸ್ ಕುಡದು ಎದ್ದನೋ ಯಪ್ಪಾ. ಎರಡನೇದು ಕುಡಿ ಅಂದ್ರ ಕೇಳಲಿಲ್ಲ. ಕುಡದಿದ್ರ ಇವತ್ತ ಇರ್ತಿದ್ದ." ಅವಳು ಬೇಕೆಂದು ಹೇಳಿದ ಸುಳ್ಳಲ್ಲ ಅದು, ಹಾಗೇ ನಂಬಿದ್ದಳು. ಮರುವಾರದಿಂದ ಎರಡು ಗ್ಲಾಸಿನವರು ಮೂರು ಕುಡಿಯತೊಡಗಿದರು. ಒಬ್ಬ ಸತ್ತದ್ದರಿಂದ ಔಷಧಿಗೆ ಹೆಸರು ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ಬೇಸಿಗೆಯಲ್ಲಿ ಪೊಲೀಸರು ನಮ್ಮ ಶೆಡ್ಡಿನ ಎದುರೇ ಗಾಡಿ ತಪಾಸಣೆ ಶುರು ಮಾಡಿದರು. ಊದುವ ಮಷೀನು ಹಿಡಿದು ಬಂದವನು ಹವಾಲ್ದಾರ ಮದರಸಾಬ, ಸಮಾಧಾನದ ಮನುಷ್ಯ. ಒಂದು ಮಧ್ಯಾಹ್ನ ರಾಜೂರಿನ ಟ್ರ್ಯಾಕ್ಟರ್ ಡ್ರೈವರ್ ಕಳಕಪ್ಪ ಬೈಕಿನ ಮೇಲೆ ಬಂದು ಸಿಕ್ಕಿಬಿದ್ದ. ಊದಿದ. ಐವತ್ತೆಂಟು ಬಂತು.

"ಮೂವತ್ತರ ಮ್ಯಾಲ ಬಂದ್ರ ಕೇಸ್," ಎಂದ ಮದರಸಾಬ.

ಹೊಳೆವ್ವ ಗಡಿಗೆ ಬಿಟ್ಟು ಎದ್ದು ಬಂದಳು. "ಸಾಹೇಬ್ರ, ನಾ ಮಜ್ಜಿಗಿ ಕುಡಸ್ತೀನಿ, ಅರ್ಧಾ ತಾಸ್ ಬಿಟ್ಟು ಮತ್ತ ಊದಸ್ರಿ. ಮೂವತ್ತರ ಕೆಳಗ ಬರಲಿಲ್ಲಂದ್ರ ಹೇಳ್ರಿ."

ಮದರಸಾಬ ನಕ್ಕು ಒಪ್ಪಿದ. ಕಳಕಪ್ಪ ಮೂರು ಗ್ಲಾಸು ಏರಿಸಿ, ಮುಖ ತೊಳೆದು, ಊರಿಗೆಲ್ಲ ಕೇಳುವಂತೆ ತೇಗಿದ. ನೋಡುವುದಕ್ಕೆ ಎಂಟು ಹತ್ತು ಜನ ಕೂಡಿದರು. ಅರ್ಧ ತಾಸಿನ ಮೇಲೆ ಮತ್ತೆ ಊದಿದ. ಎಪ್ಪತ್ತೊಂದು.

ಜನ ಹೋ ಎಂದು ನಕ್ಕರು. ಮಷೀನೇ ಕೆಟ್ಟಿದೆ ಎಂದರು. ಮದರಸಾಬ ತಾನೇ ಊದಿ ತೋರಿಸಿದ, ಸೊನ್ನೆ ಬಂತು. "ಈಗಷ್ಟ ಕುಡದಾನ ಯವ್ವಾ. ಹೊಟ್ಟ್ಯಾಗಿಂದು ಇನ್ನೂ ರಕ್ತಕ್ಕ ಏರಾಕತ್ತೈತಿ. ಮಜ್ಜಿಗಿ ವಾಸನಿ ಮುಚ್ಚತೈತಿ, ಅಷ್ಟ. ಇಳಸೂದು ಹೊತ್ತು ಒಂದ. ತಾಸಗಟ್ಲೆ ಬೇಕು."

"ಮತ್ತ ಮೂವತ್ತರ ಒಳಗ ಇದ್ರ ಹೆದರಿಕಿ ಇಲ್ಲಲ್ರೀ?" ಕಳಕಪ್ಪ ಕೇಳಿದ.

"ಮೂವತ್ತು ಇರೂದು ಕೋರ್ಟಿಗೆ. ಎದುರು ಬರೋ ಲಾರಿಗೆ ಮೂವತ್ತು ಇಪ್ಪತ್ತು ಗೊತ್ತಾಗಂಗಿಲ್ಲೋ ತಮ್ಮಾ. ಎರಡು ಗುಟುಕಿಗೇ ಬ್ರೇಕ್ ಮ್ಯಾಲಿನ ಕಾಲು ತಡಾ ಆಗತೈತಿ," ಎಂದು ಹೇಳಿ, ಅವನ ಕೀಲಿ ಇಸಿದುಕೊಂಡು ಬಸ್ಸು ಹತ್ತಿಸಿದ.

ಹೊಳೆವ್ವ ನಗಲಿಲ್ಲ. ಎಮ್ಮೆ ಹಿಂಡುವ ಹೊತ್ತಾದರೂ ಅಂಗಡಿಯಲ್ಲೇ ಕೂತಿದ್ದಳು. "ಮಿಸ್ತ್ರಿ, ಎರಡನೇದು ಒಲ್ಲೆ ಅಂದಾಗೂ ಆ ಗೌಂಡಿಗೆ ನಾನ ಹೋಗು ಅಂದಿದ್ದೆ," ಎಂದಳು. ಸಮಾಧಾನ ಹೇಳಬೇಕಾಗಿತ್ತು. ನನಗೆ ಸಿಟ್ಟು ಬಂತು, ಅವಳ ಮೇಲೋ ನನ್ನ ಮೇಲೋ ತಿಳಿಯದು. "ಮನಿ ಮುಟ್ಟಿದವರಷ್ಟ ನಿನಗ ಬಂದು ಹೇಳ್ತಾರ. ಮುಟ್ಟದವರ ಗಾಡಿ ನನ್ನ ಕಡೆ ಬರ್ತಾವ," ಎಂದುಬಿಟ್ಟೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದದ್ದನ್ನೇ ನಾವಿಬ್ಬರೂ ಇಷ್ಟು ವರ್ಷ ಔಷಧಿ ಎಂದುಕೊಂಡಿದ್ದೆವು.

ಮರುದಿನದಿಂದ ಕುಡಿದು ಬಂದವರಿಗೆ ಅವಳು ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದಳು. ಬೇಕಾದರೆ ಇಲ್ಲೇ ಮಲಗು, ಇಲ್ಲವೇ ಬಸ್ಸು ಹತ್ತು ಎಂದು ಕಂಬಳಿ ಹಾಸಿಟ್ಟಳು. ಯಾರು ಮಲಗುತ್ತಾರೆ? ತಿಂಗಳೊಳಗೆ ರಸ್ತೆಯ ಆ ಬದಿಗೆ ಇನ್ನೊಂದು ಅಂಗಡಿ ಎದ್ದಿತು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಹೊಳೆವ್ವನ ಮಜ್ಜಿಗಿ'. ಇವಳು ಹೋಗಿ ಜಗಳ ತೆಗೆದಳು. ಅಂಗಡಿಯವನು, "ನಮ್ಮ ಆಯಿ ಹೆಸರೂ ಹೊಳೆವ್ವರಿ," ಎಂದು ಹಲ್ಲು ಕಿರಿದ.

ಹೋದ ಅಮಾವಾಸ್ಯೆಗೆ ಉಮಾ, ಅವಳ ಗಂಡ ಪರಶು, ನಾಲ್ಕು ವರ್ಷದ ಮಗಳು ಯಶೋಧರಾ ಬೆಳವಣಕಿಯಿಂದ ಬೈಕಿನ ಮೇಲೆ ಬಂದರು. ಮುಂಜಾನೆ ಕಾಲಕಾಲೇಶ್ವರನ ದರ್ಶನ ಆಯಿತು. ಹೆಂಡತಿ, ಮಗಳನ್ನು ಅಂಗಡಿಯಲ್ಲಿ ಬಿಟ್ಟು ಪರಶು ಗಜೇಂದ್ರಗಡದ ದೋಸ್ತರ ದರ್ಶನಕ್ಕೆ ಹೋದ. ನಾಲ್ಕು ಗಂಟೆಗೆ ತಿರುಗಿ ಬಂದಾಗ ಸ್ಟ್ಯಾಂಡು ಹಾಕಲು ಅವನ ಕಾಲು ಮೂರು ಸಲ ತಡಕಾಡಿದ್ದನ್ನು ನಾನು ಗ್ಯಾರೇಜಿನಿಂದಲೇ ನೋಡಿದೆ.

"ಅತ್ತಿ, ಎರಡು ಗ್ಲಾಸ್ ಕೊಡ್ರಿ, ಹೊಂಡ್ತೀವಿ."

"ಅಳಿಯಾರ, ಇವತ್ತ ಇಲ್ಲೇ ಇರ್ರಿ. ಮುಂಜಾನಿ ಹೋಗೂರಂತ. ಕೀಲಿ ಕೊಡ್ರಿ ಇಲ್ಲೆ."

ಅಳಿಯನ ಕೈಯಿಂದ ಕೀಲಿ ಕೇಳುವ ಅತ್ತೆ ನಮ್ಮ ಕಡೆ ಇಲ್ಲ. ಪರಶುವಿನ ಮುಖ ಕಪ್ಪಿಟ್ಟಿತು. "ಊರ ಮಂದಿಗೆಲ್ಲಾ ಕುಡಿಸಿದ್ರಿ, ಅಳಿಯಾಗ ಇಲ್ಲೇನು?" ಎಂದವನೇ ರಸ್ತೆ ದಾಟಿ, ಆ ಬದಿಯ ಅಂಗಡಿಯಲ್ಲಿ ಎರಡು ಗ್ಲಾಸು ಕುಡಿದು, ಮೀಸೆ ಒರೆಸಿಕೊಂಡು ಬಂದ.

ನಾನು ಮದರಸಾಬನಿಗೆ ಫೋನ್ ಹಚ್ಚಿದೆ. ಅವನು ಬಂದೋಬಸ್ತಿಗೆಂದು ನರಗುಂದಕ್ಕೆ ಹೋಗಿದ್ದ. ಕೈಯಲ್ಲಿದ್ದ ಸ್ಪ್ಯಾನರ್ ಸಮೇತ ಗಾಡಿಯ ಮುಂದೆ ಹೋಗಿ ನಿಂತೆ. "ತಮ್ಮಾ, ನಿನ್ನ ಜೋಡಿ ಕೂಸೈತಿ," ಎಂದೆ. "ನಿಮ್ಮ ಪಾನಾ ನೀವು ಹಿಡೀರಿ ಮಿಸ್ತ್ರಿ," ಎಂದು ಕಿಕ್ ಹೊಡೆದ. ಕಪಾಳಕ್ಕೆ ಬಾರಿಸಬೇಕಿತ್ತು. ಇನ್ನೊಬ್ಬರ ಮನೆಯ ಅಳಿಯ ಎಂದು ಸುಮ್ಮನಾದೆ. ಆ ಮರ್ಯಾದೆ ನನ್ನನ್ನು ಇವತ್ತಿಗೂ ಸುಡುತ್ತದೆ.

ಹೊಳೆವ್ವ ಆಗಲೇ ಹಿಂದೆ ಹತ್ತಿ ಕೂತಿದ್ದ ಮಗಳ ರಟ್ಟೆ ಹಿಡಿದಳು. "ಉಮಾ, ನೀ ಇಳಿ. ಕೂಸಿನ್ನ ಕೊಡು ಇಲ್ಲೆ. ಮಜ್ಜಿಗಿಲೆ ಏನೂ ಇಳ್ಯಂಗಿಲ್ಲ, ನನ್ನ ಮಾತ ಕೇಳು."

ಉಮಾ ಗಂಡನ ಬೆನ್ನು ನೋಡಿದಳು, ತಾಯಿಯ ಮುಖ ನೋಡಿದಳು. "ಯವ್ವಾ, ಸಣ್ಣಾಕಿದ್ದಾಗಿಂದ ನಿನ್ನ ಬಾಯಾಗ ಕೇಳೇನಿ. ಏನೂ ಆಗಂಗಿಲ್ಲ ಹೋಗು ಅಂತ ಎಷ್ಟ ಮಂದಿನ್ನ ಕಳಸೀದಿ. ಇವರಿಗಷ್ಟ ಯಾಕ ಆಗತೈತಿ?" ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಖರೇನೇ ನಂಬಿದ್ದಳು.

ಹೋದರು. ಮುಂದೆ ಟ್ಯಾಂಕಿನ ಮೇಲೆ ಕೂತ ಕೂಸು ಅಜ್ಜಿಗೆ ಕೈ ಬೀಸಿತು. ಗಾಡಿ ಮೊದಲು ರಸ್ತೆಯ ಅಂಚಿಗೆ ಹೋಗಿ, ಆಮೇಲೆ ನಡುವಿಗೆ ಬಂತು. ಎದುರಿಗೆ ಬಂದ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ಸರಿಯಿತು.

ಬೆಳವಣಕಿಗೆ ಒಂದು ತಾಸಿನ ದಾರಿ. ಐದು ಹೊಡೆಯಿತು, ಐದೂವರೆಯಾಯಿತು. ಫೋನ್ ಹಚ್ಚಿದರೆ ಇಬ್ಬರೂ ಎತ್ತಲಿಲ್ಲ. ನಾನು ಗಾಡಿ ತೆಗೆದು ಸೂಡಿಯವರೆಗೆ ಹೋಗಿ ಬಂದೆ. ಪ್ರತಿ ತಿರುವಿನಲ್ಲೂ ಒಡೆದ ಗಾಜು ಹುಡುಕುತ್ತಿದ್ದೆ. ಏನೂ ಸಿಗಲಿಲ್ಲ, ಆದರೂ ಎದೆ ಹಗುರಾಗಲಿಲ್ಲ. ಸೂಡಿಯಿಂದ ಮುಂದೆ ದಾರಿ ಇನ್ನೂ ಬಹಳ ಇತ್ತು. ಬಂದು ನೋಡಿದರೆ ಹೊಳೆವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

ಆರಕ್ಕೆ ಅದು ರಿಂಗಾಯಿತು. ಗುಂಡಿ ನಾನೇ ಒತ್ತಿ ಸ್ಪೀಕರ್ ಹಚ್ಚಿದೆ.

"ಮುಟ್ಟಿ ಭಾಳ ಹೊತ್ತಾತ್ರಿ ಅತ್ತಿ, ಚಹಾಕ್ಕ ಕುಂತಿದ್ವಿ," ಪರಶುವಿನ ದನಿ. "ಸುಮ್ಮನ ಅಂಜಸ್ತೀರಿ. ಮಜ್ಜಿಗಿ ಕುಡದ ಮ್ಯಾಲ ಗಾಡಿ ಹ್ಯಾಂಗ ನೆಟ್ಟಗ ಬಂತು ನೋಡ್ರಿ. ಇನ್ನ ಪ್ರತಿ ಅಮಾಸಿಗೆ ಬರ್ತೀವಿ." ಹಿಂದಿನಿಂದ ಉಮಾ ನಗುತ್ತ, "ನಾ ಹೇಳಿದ್ದಿಲ್ಲೇನಬೇ?" ಎಂದಳು.

ಮಕ್ಕಳು ಕ್ಷೇಮವಾಗಿ ಮನೆ ಮುಟ್ಟಿದ ಸುದ್ದಿ ಕೇಳಿ ಒಬ್ಬ ತಾಯಿ ನೆಲಕ್ಕೆ ಕುಸಿದು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಮಿಸ್ತ್ರಿ, ಇನ್ನ ನನ್ನ ಮಾತ ಅವರು ಕೇಳಂಗಿಲ್ಲ," ಎಂದಳು.

ಅದಾಗಿ ಇಪ್ಪತ್ತು ದಿನವಾಯಿತು. ಬಸ್ಸಿಗೆ ಬರ್ರಿ ಎಂದು ದಿನಾ ಮಗಳಿಗೆ ಫೋನ್ ಮಾಡುತ್ತಾಳೆ, ಆ ಕಡೆಯಿಂದ ಉಮಾ ನಗುತ್ತಾಳೆ. ಮುಂದಿನ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇದೆ.