ಖಣದಲ್ಲಿ ಮಾಗಿದ ಬೆಳ್ಳಿ

೧೯೮೮ರಲ್ಲಿ, ಏಳನೆಯ ಇಯತ್ತೆ ಇನ್ನೂ ಅರ್ಧ ಉಳಿದಿರುವಾಗಲೇ, ನಾನು ಶಾಲೆ ಬಿಟ್ಟೆ. ಶಾಲೆಯೇ ನನ್ನನ್ನು ಬಿಟ್ಟಿತೆಂದು ವಾದಿಸುವ ಬಾಲ್ಯಮಿತ್ರರೂ ಇದ್ದಾರೆ. ಆ ವಿವಾದ ಇತ್ಯರ್ಥವಾಗುವ ಲಕ್ಷಣ ಕಾಣುವುದಿಲ್ಲ. ಅಲ್ಲಿದ್ದಷ್ಟು ದಿನ ನನಗೆ ಗುರುತಿದ್ದ ಬಣ್ಣಗಳು ನಾಲ್ಕೋ ಐದೋ. ಮಿಕ್ಕವನ್ನು ಕಲಿಸಿದ್ದು ಗೋವೆಯ ಝುವಾರಿನಗರದ ವೆಲ್ಡಿಂಗ್ ಅಂಗಡಿ. ಸ್ಟೀಲ್ ಪೈಪಿಗೆ ಬೆಸುಗೆ ಹೊಡೆದು, ಕಣ್ಣಿಗೆ ಹಿಡಿದ ಕಪ್ಪು ಗಾಜನ್ನು ಸರಿಸಿ ನೋಡಿದರೆ, ಜೋಡಿನ ಎರಡೂ ಬದಿಗೆ ಬಣ್ಣದ ಪಟ್ಟಿಗಳು ಎದ್ದಿರುತ್ತವೆ: ಎಲ್ಲಕ್ಕೂ ಹೊರಗೆ ಒಣಹುಲ್ಲಿನ ಹಳದಿ, ಅದರ ಒಳಗೆ ಬೆಲ್ಲದ ಕಂದು, ಆಮೇಲೆ ಬದನೆಯ ನೇರಳೆ, ಬೆಸುಗೆಗೆ ತೀರ ಹತ್ತಿರ ನವಿಲಿನ ನೀಲಿ. ಈ ಸಾಲು ಎಂದೂ ತಪ್ಪುವುದಿಲ್ಲ. ಗಿರಾಕಿಯ ಕಣ್ಣಿಗೆ ಮಾತ್ರ ಅದು ಬರೀ ಕಲೆ. ಪಾಲಿಶ್ ಚಕ್ರ ಹಿಡಿದು ಅಳಿಸಿ ಕೊಡಬೇಕು. ಮೂವತ್ತು ವರ್ಷ ನಾನು ಹೊಟ್ಟೆ ಹೊರೆದದ್ದು ಹೀಗೆಯೇ, ಕಾಮನಬಿಲ್ಲುಗಳನ್ನು ಉಜ್ಜಿ ಉಜ್ಜಿ ಅಳಿಸುತ್ತ.

ಅಂಥ ಮನುಷ್ಯ ಈಗ ಬಣ್ಣ ಏರಿದ ಬೆಳ್ಳಿಯ ಸ್ಮಾರಕ ನಾಣ್ಯಗಳನ್ನು ಕೂಡಿಹಾಕುತ್ತಾನೆಂದರೆ ನೀವು ನಗಬಹುದು. ನನ್ನ ಹೆಂಡತಿ ಕಸ್ತೂರಿ ನಕ್ಕು ನಕ್ಕು ದಣಿದು ಈಗ ಸುಮ್ಮನಾಗಿದ್ದಾಳೆ. ಈ ಹುಚ್ಚು ಹತ್ತಿದ್ದು ಪಣಜಿಯಲ್ಲಿ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಗೆ ಗೇಟು ಕೂಡಿಸಲು ಹೋದಾಗ. ಅವರನ್ನು ಎಲ್ಲರೂ ಗೌರವದಿಂದ ಬಾಬ್ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಚಹಾದ ಹೊತ್ತಿನಲ್ಲಿ ಬಾಬ್ ಹಳೆಯ ಕಾಗದದ ಲಕೋಟೆಯಿಂದ ಒಂದು ನಾಣ್ಯ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ದೇಶದ ಯಾವುದೋ ಸಂಭ್ರಮದ ನೆನಪಿಗೆ ಸರಕಾರ ಟಂಕಿಸಿದ ಹತ್ತು ರೂಪಾಯಿಯ ಬೆಳ್ಳಿ. ಅದರ ನಡುವಿನಿಂದ ಅಂಚಿನವರೆಗೆ ಹಳದಿ, ಕಂದು, ನೇರಳೆ, ನೀಲಿ. ನನ್ನ ಕೈಯಲ್ಲಿದ್ದ ಬಶಿ ಚಹಾ ಸಮೇತ ವಾಲಿತು. ಬೆಂಕಿ ಒಂದು ಗಳಿಗೆಯಲ್ಲಿ ಮಾಡಿ ಮುಗಿಸುವುದನ್ನು ಒಂದು ಲಕೋಟೆ ನಲವತ್ತು ವರ್ಷ ಕೂತು, ತಾಳ್ಮೆಯಿಂದ, ಯಾರಿಗೂ ಹೇಳದೆ ಮಾಡಿ ಮುಗಿಸಿತ್ತು!

ಆ ವಾರವೇ ಅಂಥದೊಂದು ನಾಣ್ಯ ಕೊಂಡುಕೊಂಡೆ. ಕೊಂಡವನೇ ಅಭ್ಯಾಸಬಲದಿಂದ ಅದನ್ನು ಪಾಲಿಶ್ ಚಕ್ರಕ್ಕೆ ಹಿಡಿದು ಕನ್ನಡಿ ಮಾಡಿ, ಬಾಬ್ ಅವರ ಮುಂದೆ ಇಟ್ಟು ಎದೆಯುಬ್ಬಿಸಿ ನಿಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಸತ್ತವರ ಮನೆಯಲ್ಲಿ ಕೇಳುವಂಥ ಮೆಲುದನಿಯಲ್ಲಿ, “ಚಹಾ ತಗೊಳ್ತೀರಾ?” ಎಂದರು.

ಅಲ್ಲಿಂದ ಕಲಿಯುತ್ತ ಹೋದೆ. ಬಣ್ಣ ಏರಿದ ಬೆಳ್ಳಿಯ ಬೆಲೆ ಕಟ್ಟುವುದು ಹೆಣ್ಣು ನೋಡುವ ಶಾಸ್ತ್ರದಂತಲ್ಲ. ಅವಸರವೂ ಸಲ್ಲದು, ಉಪ್ಪಿಟ್ಟೂ ಇರುವುದಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಬೇಕು. ಬಣ್ಣದ ತೆಳುಪದರದ ಅಡಿಯಲ್ಲಿ ಟಂಕಸಾಲೆಯ ಮೂಲ ಹೊಳಪು ಜೀವಂತವಾಗಿ ಓಡಾಡುತ್ತಿದ್ದರೆ ಅದಕ್ಕೆ ಬೆಲೆ. ಹೊಳಪು ಸತ್ತು ಬಣ್ಣ ಮಾತ್ರ ಉಳಿದಿದ್ದರೆ ಅದು ಹೆಣದ ಶೃಂಗಾರ. ಮೂಗಿಗೆ ಹಿಡಿದು ನೋಡಬೇಕು. ಗಂಧಕದ ವಾಸನೆ ಬಂದರೆ ಯಾರೋ ಮೊನ್ನೆ ಮೊನ್ನೆ ಔಷಧ ಹಾಕಿದ್ದಾರೆಂದು ಅರ್ಥ. ಹೀಗೆ ಬಣ್ಣ ಹಚ್ಚಿ ಮೋಸ ಮಾಡುವವರು ಬೇಕಾದಷ್ಟಿದ್ದಾರೆ. ಆದರೆ ಅವರಿಗೆ ಸಾಲು ಗೊತ್ತಿರುವುದಿಲ್ಲ. ಹಳದಿಯಿಂದ ನೇರ ನೀಲಿಗೆ ಜಿಗಿಯುತ್ತಾರೆ. ನಡುವಿನ ಕಂದು ನೇರಳೆಗಳನ್ನು ಬಿಟ್ಟ ನಾಣ್ಯವನ್ನು ನಾನು ಮೊಳದ ದೂರದಿಂದಲೇ ಹಿಡಿಯುತ್ತಿದ್ದೆ. ತಿಂಗಳಿಗೊಂದು ರವಿವಾರ ಪಣಜಿಯ ಹೋಟೆಲ್ಲಿನ ಮಾಳಿಗೆಯ ಮೇಲೆ ಸೇರುವ ನಮ್ಮ ನಾಣ್ಯಪ್ರಿಯರ ಕೂಟದಲ್ಲಿ ಡಾಕ್ಟರರು, ವಕೀಲರು, ಪ್ರಾಧ್ಯಾಪಕರು ಎಲ್ಲ ಇದ್ದಾರೆ. ಅವರು ಪುಸ್ತಕ ತಿರುವಿ, ಚರ್ಚಿಸಿ, ಕೊನೆಗೆ ನಾಣ್ಯವನ್ನು ನನ್ನತ್ತ ಸರಿಸುತ್ತಾರೆ. ಏಳನೆಯ ಇಯತ್ತೆ ಮುಗಿಸದವನು ತಲೆ ಆಡಿಸಿದರೆ ಖರೆ, ಅಲ್ಲಾಡಿಸಿದರೆ ಖೊಟ್ಟಿ. ಇದರಿಂದ ನನಗೆ ಗರ್ವ ಬರಲಿಲ್ಲವೆಂದು ಬರೆದರೆ ಈ ಲೇಖನದಲ್ಲಿ ಅದೊಂದೇ ಸುಳ್ಳಾದೀತು.

ಹೋದ ಶ್ರಾವಣದ ಕೂಟಕ್ಕೆ ದ್ಯಾಮವ್ವ ಬಂದರು. ಗೋವೆಯ ಒಳನಾಡಿನ ವಾಳಪೈಯಲ್ಲಿ ಗಂಡನ ಜೊತೆ ಜೋಳದ ರೊಟ್ಟಿಯ ಅಂಗಡಿ ನಡೆಸುವವರು, ಎಪ್ಪತ್ತರ ಹತ್ತಿರದ ವಯಸ್ಸು. ಘಟ್ಟದ ಮೇಲಿನ ನಮ್ಮ ಕಡೆಯವನೊಬ್ಬ ಬೆಳ್ಳಿ ಪರೀಕ್ಷೆ ಮಾಡುತ್ತಾನೆಂದು ಯಾರೋ ಹೇಳಿದ್ದನ್ನು ನಂಬಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಸೆರಗಿನ ಗಂಟಿನಿಂದ ನಾಣ್ಯ ಬಿಚ್ಚಿ ನನ್ನ ಮುಂದಿಟ್ಟರು. ತಾವರೆಯ ಚಿತ್ರವಿರುವ ಹತ್ತು ರೂಪಾಯಿ, ಎಪ್ಪತ್ತರ ದಶಕದ್ದು.

“ಮದಿವಿಯಾಗಿ ಈ ಕಡೆ ಬರೂಮುಂದ ನಮ್ಮವ್ವ ಕೊಟ್ಟದ್ದು. ಬಣ್ಣ ತಾನs ಬಂದೈತಿ, ನಾ ಕೈ ಸೈತ ಹಚ್ಚಿಲ್ಲ. ಸೊಸೆದಾರು, ಯಾರೋ ಏನೋ ಹಚ್ಚ್ಯಾರ, ಹೊಲಸಾಗೇತಿ, ತೊಳೀರಿ ಅಂತಾರ. ನೀ ಹೇಳು ತಮ್ಮಾ, ಖರೆ ಯಾವುದು?”

ನಾಣ್ಯವನ್ನು ತಿರುಗಿಸಿದೆ. ಬಣ್ಣಗಳು ಅಂಚಿನಿಂದ ಒಳಗೆ ಬಂದಿರಲಿಲ್ಲ. ಮುಖದ ತುಂಬ ಸಣ್ಣ ಸಣ್ಣ ಚುಕ್ಕಿಗೆರೆಗಳು, ಹಳದಿಯ ಪಕ್ಕದಲ್ಲೇ ನೀಲಿ, ಜಾಲರಿ ಅಡ್ಡ ಹಿಡಿದು ಬಣ್ಣ ಸಿಂಪಡಿಸಿದ ಹಾಗೆ. ಸಾಲು ತಪ್ಪಿತ್ತು. ನಾನು ತಲೆ ಅಲ್ಲಾಡಿಸಿದೆ.

“ಬೆಳ್ಳಿ ಖರೇದs ಅಕ್ಕಾರ. ಬಣ್ಣ ಮಾತ್ರ ಮಾಡಿದ್ದು. ತೊಳದ್ರ ಏನೂ ಲುಕ್ಸಾನ ಇಲ್ರಿ.”

ಮಾಳಿಗೆಯ ಮೇಲಿದ್ದ ಹದಿನೈದು ಜನರೂ ನನ್ನ ತೀರ್ಪಿಗೆ ತಲೆದೂಗಿದರು. ದ್ಯಾಮವ್ವ ನಾಣ್ಯವನ್ನು ಮತ್ತೆ ಸೆರಗಿಗೆ ಕಟ್ಟಿದರು. “ಅಂದ್ರ ಇಷ್ಟ ವರ್ಷ ನಾ ಸುಳ್ಳ ಹೇಳ್ಕೋತ ಬಂದೀನಿ ಅನ್ನು. ಇರ್ಲಿ. ಬರೂ ಶುಕ್ರವಾರ ಲಕ್ಷ್ಮೀ ಪೂಜಾ ಐತಿ. ಹುಣಸಿಹಣ್ಣು ಹಚ್ಚಿ ತಿಕ್ಕಿ ಇಡ್ತೀನಿ,” ಎಂದು ಮೆಟ್ಟಿಲಿಳಿದು ಹೋದರು. ನಾನು ಎರಡನೆಯ ಚಹಾ ತರಿಸಿಕೊಂಡೆ.

ಆ ಶುಕ್ರವಾರ ಬೆಳಿಗ್ಗೆ ಕಸ್ತೂರಿಯೂ ಪೂಜೆಯ ತಯಾರಿಯಲ್ಲಿದ್ದಳು. ಹೂರಣ ರುಬ್ಬಿಯಾಗಿತ್ತು, ಟ್ರಂಕು ತೆರೆದು ಏನೋ ಹುಡುಕುತ್ತಿದ್ದಳು. ನಾನು ಬಾಗಿಲಲ್ಲಿ ಕೂತು, ನನ್ನ ಪರೀಕ್ಷಾಪ್ರಾವೀಣ್ಯಕ್ಕೆ ಇನ್ನೊಂದು ದೃಷ್ಟಾಂತವೆಂಬಂತೆ, ದ್ಯಾಮವ್ವನ ನಾಣ್ಯದ ಕತೆಯನ್ನು ಅವಳಿಗೆ ವಿಸ್ತರಿಸಿ ಹೇಳಿದೆ. ಅವಳ ಕೈ ನಿಂತಿತು.

“ಅವರವ್ವ ಕೊಟ್ಟದ್ದಂದ್ರ ಉಡಿಯಾಗ ಹಾಕಿದ್ದಿರ್ಬೇಕಲ್ಲ. ಎದರಾಗ ಕಟ್ಟಿಟ್ಟಿದ್ರಂತ?”

“ಕೇಳ್ಲಿಲ್ಲ.”

“ಸಾಲ ನೋಡೀರಿ, ಚುಕ್ಕಿ ನೋಡೀರಿ, ಎದರಾಗ ಇಟ್ಟಿದ್ರಿ ಅಂತ ಕೇಳ್ಲಿಲ್ಲ?” ಎನ್ನುತ್ತ ಅವಳು ಟ್ರಂಕಿನ ತಳದಿಂದ ತನ್ನ ಮದುವೆಯ ಖಣವೊಂದನ್ನು ತೆಗೆದು ಕಿಟಕಿಗೆ ಅಡ್ಡ ಹಿಡಿದಳು.

ನಮ್ಮ ಕಡೆ ಮಗಳು ಗಂಡನ ಮನೆಗೆ ಹೊರಟಾಗ ಅವಳ ಮಡಿಲಿಗೆ, ಅಂದರೆ ಉಡಿಗೆ, ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು ತುಂಬಿ, ಖಣ ಎಂಬ ರವಿಕೆಯ ಬಟ್ಟೆ ಇಡುತ್ತಾರೆ. ಅನುಕೂಲವಿದ್ದವರು ಬೆಳ್ಳಿಯ ನಾಣ್ಯವನ್ನೂ ಇಡುತ್ತಾರೆ. ಎಷ್ಟೋ ಹೆಂಗಸರು ಆ ಖಣವನ್ನು ಹೊಲಿಸುವುದಿಲ್ಲ. ನಾಣ್ಯವನ್ನು ಅದರಲ್ಲೇ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದರೆಂದರೆ ತವರು ಅಲ್ಲಿ ಭದ್ರವಾಗಿ ಕೂತಿತು. ಕಿಟಕಿಯ ಬೆಳಕಿಗೆ ಆ ಖಣದ ನೇಯ್ಗೆ ಎದ್ದು ಕಂಡಿತು: ಸಣ್ಣ ಸಣ್ಣ ಚುಕ್ಕಿ, ಒತ್ತೊತ್ತಾದ ಗೆರೆ. ಅದೇ ಚುಕ್ಕಿ, ಅದೇ ಗೆರೆ! ಉಬ್ಬಿದ ಎಳೆ ಬೆಳ್ಳಿಗೆ ಒತ್ತಿಕೊಂಡಲ್ಲಿ ಗಾಳಿಯಾಡದೆ ಹಳದಿಗೇ ನಿಂತಿದೆ. ಎರಡು ಎಳೆಗಳ ನಡುವಿನ ಸಂದಿಯಲ್ಲಿ ಗಾಳಿಯಾಡಿ ನೀಲಿಯವರೆಗೆ ಹೋಗಿದೆ. ಸಾಲು ತಪ್ಪಿರಲಿಲ್ಲ. ಕಂದೂ ನೇರಳೆಯೂ ಕೂದಲೆಳೆಯಷ್ಟು ಜಾಗದಲ್ಲಿ ಇದ್ದೇ ಇದ್ದವು. ಅಷ್ಟು ಸಣ್ಣದನ್ನು ನೋಡುವ ವಿನಯ ನನ್ನ ಮಸೂರದಲ್ಲಿತ್ತು, ನನ್ನಲ್ಲಿರಲಿಲ್ಲ.

ಅಷ್ಟರಲ್ಲಿ ನೆನಪಾಯಿತು: ಶುಕ್ರವಾರ. ಹುಣಸೆಹಣ್ಣು.

ದ್ಯಾಮವ್ವನ ಫೋನ್ ನಂಬರು ಕೇಳುವ ಸೌಜನ್ಯವನ್ನೂ ನಾನು ತೋರಿರಲಿಲ್ಲ. ಸ್ಕೂಟರ್ ತೆಗೆದೆ. ಕಸ್ತೂರಿ ಹೂರಣದ ಪಾತ್ರೆಗೆ ತಟ್ಟೆ ಮುಚ್ಚಿ ಹಿಂದೆ ಹತ್ತಿದಳು. “ನಾನೂ ಬರ್ತೀನಿ. ನೀವೊಬ್ರs ಹೋದ್ರ ಕ್ಷಮಾ ಕೇಳೂದ್ ಬಿಟ್ಟು ಪಾಠಾ ಹೇಳಿ ಬರ್ತೀರಿ.” ಇಬ್ಬರಿಗೂ ಇದ್ದದ್ದು ಒಂದೇ ರೇನ್‌ಕೋಟು, ಅದನ್ನು ಯಾರು ತೊಡಬೇಕೆಂಬ ದಾಂಪತ್ಯದ ವಾಗ್ವಾದ ಮುಗಿಯುವಷ್ಟರಲ್ಲಿ ಫೋಂಡಾ ದಾಟಿತ್ತು, ಇಬ್ಬರೂ ತೊಯ್ದಾಗಿತ್ತು.

ವಾಳಪೈಯಲ್ಲಿ ರೊಟ್ಟಿಯ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ತಟಪಟ ಸದ್ದು ಕೇಳಿದತ್ತ ಹೋದರೆ ಸಾಕಿತ್ತು. ಹಿತ್ತಲಿಗೆ ನುಗ್ಗಿದೆ. ಕಟ್ಟೆಯ ಮೇಲೆ ಬಟ್ಟಲು, ಬಟ್ಟಲಲ್ಲಿ ನೆನೆಹಾಕಿದ ಹುಣಸೆಹಣ್ಣು. ಮೈಯಿಂದ ನೀರಿಳಿಯುತ್ತಿದ್ದ ನಾನು ಬಟ್ಟಲನ್ನು ಎರಡೂ ಕೈಯಿಂದ ಬಾಚಿ ಎದೆಗವಚಿಕೊಂಡು “ತೊಳೀಬ್ಯಾಡ್ರಿ ಅಕ್ಕಾರ!” ಎಂದು ಕೂಗಿದೆ.

ದ್ಯಾಮವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದರು. “ಅಯ್ಯ ಯಪ್ಪಾ, ಅದು ಸಾರಿಗೆ ನೆನಿಹಾಕಿದ್ದು! ಬಿಡು, ಮಂದಿ ಊಟಕ್ಕ ಬರೂ ಹೊತ್ತಾತು.”

ಸೊಸೆಯರಿಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾಣ್ಯವನ್ನು ಇನ್ನೂ ತೊಳೆದಿರಲಿಲ್ಲ. ಬೆಳಗಿನಿಂದ ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಹಾಗೇ ಇಟ್ಟಿದ್ದೆನೆಂದು ದ್ಯಾಮವ್ವ ಹೇಳಿದರು. ದೇವರ ಗೂಡಿನಿಂದ ತಂದದ್ದು ನಾನು ನಿರೀಕ್ಷಿಸಿದ್ದ ಹಾಗೆಯೇ ಹಳೆಯ ಹಸಿರು ಖಣದ ಗಂಟು. ಕಸ್ತೂರಿ ಅದನ್ನು ಬಿಚ್ಚಿ, ನಾಣ್ಯದ ಪಕ್ಕಕ್ಕೆ ಬಟ್ಟೆಯನ್ನು ಹರಡಿ, ಮಸೂರವನ್ನು ನನ್ನಿಂದ ಕಸಿದು ಸೊಸೆಯರಿಗೆ ತೋರಿಸಿದಳು. ಚುಕ್ಕಿಗೆ ಚುಕ್ಕಿ, ಗೆರೆಗೆ ಗೆರೆ. ಹಿರಿಯ ಸೊಸೆ ಬಹಳ ಹೊತ್ತು ನೋಡಿ, “ಅತ್ತಿ, ನೀವು ಹೇಳಿದ್ದs ಖರೆ,” ಎಂದಳು.

ನಾನು ಕ್ಷಮೆ ಕೇಳಿದೆ, ನಾಣ್ಯವನ್ನು ನೋಡದೆಯೇ ಕಸ್ತೂರಿ ಖಣದ ಗುಟ್ಟು ಹಿಡಿದದ್ದನ್ನೂ ಹೇಳಿದೆ. ದ್ಯಾಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಇಲ್ಲಿ ಹೇಳಿದ್ರ ಏನ್ ಬಂತು ತಮ್ಮಾ? ನನ್ನ ಸುಳ್ಳಬುರುಕಿ ಮಾಡಿದ್ದು ಅಲ್ಲಿ ಮಂದ್ಯಾಗ. ಖರೆ ಅಂತ ಅಲ್ಲೇ ಅನ್ನು.” ಆಮೇಲೆ ಎಲೆ ಹಾಕಿ ಇಬ್ಬರಿಗೂ ಉಣ್ಣಲು ಬಡಿಸಿದರು. ಆ ಸಾರಿನ ರುಚಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಹುಣಸೆಹಣ್ಣು ಹದವಾಗಿತ್ತೆಂದಷ್ಟೇ ಹೇಳಬಲ್ಲೆ.

ಮುಂದಿನ ಕೂಟದಲ್ಲಿ ನಾನು ಎದ್ದು ನಿಂತೆ. ನೂರು ಕಿಲೋ ಗೇಟು ಎತ್ತುವುದಕ್ಕಿಂತ, ಡಾಕ್ಟರರ ಮುಂದೆ, ವಕೀಲರ ಮುಂದೆ “ನನ್ನ ತೀರ್ಪು ತಪ್ಪು” ಎಂಬ ಮೂರು ಶಬ್ದ ಎತ್ತುವುದು ಭಾರವೆಂದು ಅಂದು ತಿಳಿಯಿತು. ಎತ್ತಿದ ಮೇಲೆ ಮಾತ್ರ ಮೈಯೆಲ್ಲ ಹಗುರ. ದ್ಯಾಮವ್ವ ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಕಸ್ತೂರಿ. ನಾಣ್ಯವೂ ಖಣವೂ ಕೈಯಿಂದ ಕೈಗೆ ಸುತ್ತು ಬಂದವು. ಬಾಬ್ ಮಸೂರದಿಂದ ಕಣ್ಣು ತೆಗೆಯದೆ, ಇಂಥದನ್ನು ತಾವು ಜೀವಮಾನದಲ್ಲಿ ನೋಡಿಲ್ಲವೆಂದೂ, ಬೆಳ್ಳಿಯ ತೂಕದ ಬೆಲೆಯ ಐವತ್ತು ಪಟ್ಟು ಈಗಲೇ ಕೊಡುವೆನೆಂದೂ ಹೇಳಿದರು. ನಾನು ಸುಳ್ಳೇಕೆ ಹೇಳಲಿ, ನನಗೂ ಅದನ್ನು ಕೊಳ್ಳುವ ಆಸೆಯಿತ್ತು. ಐವತ್ತೊಂದು ಪಟ್ಟು ಎನ್ನಲು ಬಾಯಿ ತೆರೆದಿದ್ದೆ.

“ಮಾರಾಕ ಬಂದಿಲ್ರಿ,” ಎಂದು ದ್ಯಾಮವ್ವ ನಾಣ್ಯವನ್ನು ತೆಗೆದುಕೊಂಡರು. ಕೈಚೀಲದಿಂದ ಅಕ್ಕಿ, ಕೊಬ್ಬರಿಬಟ್ಟಲು, ಅರಿಸಿನದ ಕೊಂಬು ಹೊರಬಂದವು. “ಏಳವ್ವಾ, ಪೂರ್ವಕ್ಕ ಮುಖ ಮಾಡಿ ನಿಲ್ಲು,” ಎಂದು ಕಸ್ತೂರಿಯನ್ನು ಎಬ್ಬಿಸಿದರು. “ನನಗ ಹೆಣ್ಣುಮಕ್ಕಳಿಲ್ಲ. ಸೊಸೆದಾರಿಗೆ ಬಂಗಾರ ಕೊಟ್ಟೀನಿ, ಅವರು ಖುಷಿ ಅದಾರ. ಇದನ್ನ ಬಿಚ್ಚಿ ನೋಡದs ಖರೆ ಅಂದಾಕಿ ನೀನೊಬ್ಬಾಕಿ.”

ಪಣಜಿಯ ಹೋಟೆಲ್ಲಿನ ಮಾಳಿಗೆಯ ಮೇಲೆ, ಮಸೂರ ತಕ್ಕಡಿಗಳ ನಡುವೆ, ನನ್ನ ಹೆಂಡತಿಯ ಉಡಿ ತುಂಬಿತು. ವಕೀಲರು ಎದ್ದು ನಿಂತರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಬಾಬ್ ನನ್ನತ್ತ ಬಾಗಿ, ಈಗ ನಿಮ್ಮ ಮನೆಗೇ ಬಂದಿತಲ್ಲ, ಬೆಲೆ ಎಷ್ಟು ಹೇಳ್ತೀರಿ ಎಂದು ಪಿಸುಗುಟ್ಟಿದರು. ಕಸ್ತೂರಿ ಸೆರಗು ಗಂಟು ಹಾಕುತ್ತ, “ಉಡ್ಯಾಗ ಬಿದ್ದದ್ದಕ್ಕ ರೇಟ್ ಇರೂದಿಲ್ರಿ, ಬಾಬ್,” ಎಂದಳು.

ಆ ನಾಣ್ಯ ಈಗ ಹಸಿರು ಖಣದ ಸಮೇತ ಅವಳ ಟ್ರಂಕಿನಲ್ಲಿದೆ. ವರ್ಷಕ್ಕೊಮ್ಮೆ, ಶ್ರಾವಣದ ಶುಕ್ರವಾರ, ಕೈ ತೊಳೆದುಕೊಂಡು ಬಂದರೆ ನೋಡಲು ನನಗೆ ಪರವಾನಗಿ ಉಂಟು; ಮಸೂರ ತರಕೂಡದು. ಇವತ್ತಿಗೆ ನನ್ನ ಹತ್ತಿರ ಬಣ್ಣ ಏರಿದ ಬೆಳ್ಳಿ ನಾಣ್ಯ ಮೂವತ್ತೇಳು ಇವೆ. ಕಸ್ತೂರಿಯ ಹತ್ತಿರ ಒಂದು.