ವಿಲ್ಮಾಳ ಹಲ್ಲು, ಕಾರಿನ ರಿಯಾಯಿತಿ

ನಮ್ಮ ಪಕ್ಕದ ಮನೆಯ ವಿಲ್ಮಾ ಪೆಲ್ಕಿಗೆ ಮುಂದಿನ ಹಲ್ಲೊಂದಿಲ್ಲ. ಅಮೆರಿಕದ ವರ್ಮಾಂಟಿನ ಈ ಗುಡ್ಡಗಳಲ್ಲಿ ಮುದುಕರ ಮನೆಮನೆಗೆ ಹೋಗಿ ಸ್ನಾನ ಮಾಡಿಸುವುದು ಅವಳ ಕೆಲಸ. ತೀರಿಹೋದ ಮಗನ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ. ಜೂನ್‌ನಲ್ಲಿ ಮಗಳು ಡಾರ್ಲಾಳ ಮದುವೆ. ಫೋಟೊದಲ್ಲಿ ಬಾಯಿ ತೆರೆದು ನಗಬೇಕು, ಅಷ್ಟೇ ಅವಳ ಆಸೆ. ಹಲ್ಲಿಗೆಂದರೆ ವಿಮೆಯವರು ಚಿಕ್ಕಾಸೂ ಬಿಚ್ಚುವುದಿಲ್ಲ.

೨೦೦೬ರ ಬೇಸಿಗೆಯಲ್ಲಿ ಪೆಟ್ರೋಲ್ ಬೆಲೆ ಗಗನಕ್ಕೇರಿದಾಗ ಸಾಲ ಮಾಡಿ, ಪೆಟ್ರೋಲ್ ಕಡಿಮೆ ಕುಡಿಯುವ ಹೈಬ್ರಿಡ್ ಕಾರು ಕೊಂಡಳು. ಸಾದಾ ಕಾರಿಗಿಂತ ದುಬಾರಿ. "ಯಾಕಮ್ಮಾ ತಲೆ ಕೆಡಿಸ್ಕೊಳ್ತೀರಿ? ಇಂಥ ಕಾರಿಗೆ ಮೂರು ಸಾವಿರ ಡಾಲರ್ ತೆರಿಗೇಲಿ ವಾಪಸ್ ಬರತ್ತೆ" ಎಂದಿದ್ದ ಮಾರುವವನು. ನಂಬದೆ ಏನು ಮಾಡಿಯಾಳು? ನಮ್ಮಲ್ಲಿ ಬಡವರಿಗೆ ವಸಂತವೆಂದರೆ ಸರ್ಕಾರದ ಚೆಕ್ಕು ಬರುವ ಕಾಲ. ಮಕ್ಕಳನ್ನು ಸಾಕುತ್ತಾಳೆಂದು ಅವಳಿಗೂ ಪ್ರತಿವರ್ಷ ಬರುತ್ತಿತ್ತು, ಕಟ್ಟಿದ್ದಕ್ಕಿಂತ ಹೆಚ್ಚೇ; ಅದೆಲ್ಲ ಮನೆಖರ್ಚಿಗೇ ಸರಿಹೋಗುತ್ತಿತ್ತು. ಈ ಸಲ ಕಾರಿನದೂ ಸೇರುತ್ತದೆಂದು ದಂತವೈದ್ಯ ಗ್ಯಾಫ್ನಿಯ ಬಳಿ ದಿನ ಗೊತ್ತುಮಾಡಿ ಬಂದಿದ್ದಳು.

ಮರುವರ್ಷ ಮಾರ್ಚ್‌ನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ ಪುಕ್ಕಟೆ ತೆರಿಗೆ ಲೆಕ್ಕ ಮಾಡಿಕೊಡುವ ನಿವೃತ್ತ ಮೇಷ್ಟ್ರು ಮರ್ಲ್ ಎದುರು ನಾನೂ ಅವಳೂ ಕೂತೆವು.

"ಕಾರಿನ್ದು ಏನೂ ಬರಲ್ಲ ವಿಲ್ಮಾ."

"ಅಂದ್ರೆ? ಹೊಸ ಕಾರೇ ತಗೊಂಡಿದ್ದು!"

"ಕಾರೇನೋ ಸರಿ. ಆದ್ರೆ ಈ ರಿಯಾಯ್ತಿ ನೀನು ಕಟ್ಟಬೇಕಾದ ತೆರಿಗೇಲಿ ಕಳೆಯೋಕೆ ಮಾತ್ರ. ಮಕ್ಕಳ ರಿಯಾಯ್ತಿ ಕಳೆದ್ರೇನೇ ನಿನ್ನ ತೆರಿಗೆ ಸೊನ್ನೆ. ಸೊನ್ನೇಲಿ ಇನ್ನೇನು ಕಳೀಲಿ?"

"ಮಕ್ಕಳ ದುಡ್ಡು ಕೈಗೆ ಬರತ್ತಲ್ಲ?"

"ಅದರ ಕಾನೂನೇ ಬೇರೆ."

"ಹಂಗಾದ್ರೆ ಮುಂದಿನ ವರ್ಷಕ್ಕೆ ಇಟ್ಕೊಳ್ಳಿ."

"ಇಡಕ್ಕೆ ಬರಲ್ಲಮ್ಮ. ಈ ವರ್ಷ ಬಳಸ್ಕೊಳ್ಲಿಲ್ಲ ಅಂದ್ರೆ ಹೋಯ್ತು."

"ಅಂದ್ರೆ ದುಡ್ಡಿದ್ದೋರಿಗೇ ದುಡ್ಡು ಕೊಡೋದಾ?"

ಮರ್ಲ್ ಮುಂದಿನ ಕಾಗದ ಎತ್ತಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂದ ಹಿರಿಯರು ಈ ಕಾನೂನು ನೋಡಿರಲಿಲ್ಲ. ಇಲ್ಲಿ ಹಲ್ಲಿದ್ದವರಿಗೇ ಕಡಲೆ.

ಹೊರಗೆ ಬಂದರೆ ಗ್ಯಾಫ್ನಿ ಅಂಥದೇ ಕಾರಿನಿಂದ ಇಳಿಯುತ್ತಿದ್ದ.

"ಏನ್ ವಿಲ್ಮಾ, ನಿನ್ದೂ ಇದೇನಾ! ನಂಗಂತೂ ಮೂರು ಸಾವಿರ ಪೂರ್ತಿ ಉಳೀತು ನೋಡು. ಗುರುವಾರ ಹಲ್ಲಿಗೆ ಬರ್ತೀಯಲ್ಲ?"

"ಇಲ್ಲ ಡಾಕ್ಟ್ರೇ. ಆ ದಿನ ಬೇರೆಯವ್ರಿಗೆ ಕೊಟ್ಬಿಡಿ."

ಯಾಕೆಂದು ಆ ಪುಣ್ಯಾತ್ಮ ಕೇಳಲೂ ಇಲ್ಲ.

ಕಾರು ಹತ್ತಿ ವಿಲ್ಮಾ ಕೀಲಿ ತಿರುಗಿಸಿದಳು.

"ಡಾರ್ಲಾಗೆ ಹೇಳ್ಬೇಡ ಕಣೇ" ಎಂದಳು. "ಫೋಟೊ ತೆಗೆಯೋವಾಗ ನಾನೇ ಹಿಂದಿನ ಸಾಲಲ್ಲಿ ನಿಂತ್ಕೊಳ್ತೀನಿ."