ಚಿಕ್ಕಮ್ಮ ಹೇಳಿದ ಸಿನಿಮಾ

ಒಂದು ತೆಲುಗು ಸಿನಿಮಾದ ಕತೆಯನ್ನು ನಾನು ಮದುವೆಯಾದಾಗಿನಿಂದ ತಪ್ಪಾಗಿಯೇ ಹೇಳಿಕೊಂಡು ಬಂದಿದ್ದೇನೆ. ತೆಲುಗು ಬಾರದಿದ್ದರೆ ಕ್ಷಮಿಸಬಹುದಿತ್ತು. ನಾನು ಗಡಿಯಂಚಿನ ಹರಿಯಬ್ಬೆಯವಳು. ಆಂಧ್ರದ ಕಡೆಯ ನೆಂಟರು ಬಂದರೆ ನಮ್ಮ ಮನೆಯಲ್ಲಿ ಮಾತು ಯಾವಾಗ ತೆಲುಗಿಗೆ ಹೊರಳಿತೆಂದು ನಮಗೇ ತಿಳಿಯುವುದಿಲ್ಲ.

ನನ್ನನ್ನು ನೋಡಲು ಹೊಳಲ್ಕೆರೆ ಕಡೆಯ ತಾಳ್ಯದಿಂದ ಬಂದಿದ್ದರು. ಹುಡುಗ ನನಗೆ ಹಿಡಿಸಿದ್ದ. ಅವನ ತಾಯಿಗೆ ಮಾತ್ರ, ಎಂ.ಎ. ಓದಿದ ಹುಡುಗಿ ಮನೆಗೆ ಹೊಂದಿಕೊಳ್ಳುತ್ತಾಳೋ ಇಲ್ಲವೋ ಎಂಬ ಅನುಮಾನ. ಮಾತು ಮುರಿಯಲೂ ಇಲ್ಲ, ಕೂಡಲೂ ಇಲ್ಲ. ಆಗ ನಮ್ಮ ಚಿಕ್ಕಮ್ಮ, "ಹಿರಿಯೂರಾಗೆ ಒಂದು ಪಿಚ್ಚರ್ ಬಂದೈತಂತೆ, ಮನೆಮಂದೆಲ್ಲ ಕುಂತು ನೋಡೋವಂಥದ್ದು. ಹೋಗಾಣ ನಡೀರಿ" ಎಂದು ಎಲ್ಲರನ್ನೂ ಹೊರಡಿಸಿದಳು. ಎರಡೂ ಕಡೆಯವರು ಕತ್ತಲಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ಕೂತರೆ ಅರ್ಧ ಸಂಕೋಚ ಕಳೆಯುತ್ತದೆ ಎಂಬುದು ಅವಳ ಲೆಕ್ಕ.

ನನಗೆ ಅತ್ತೆಯಾಗಬೇಕಾದವರಿಗೆ ತೆಲುಗು ಒಂದಕ್ಷರ ಬಾರದು. ಚಿಕ್ಕಮ್ಮ ಪಕ್ಕದಲ್ಲೇ ಕೂತು ಕನ್ನಡ ಮಾಡಿ ಹೇಳತೊಡಗಿದಳು. ಎಲ್ಲ ಸಲೀಸಾಗಿಯೇ ಇತ್ತು. ಅಷ್ಟರಲ್ಲಿ ನಾಯಕಿ ತನ್ನನ್ನು ನೋಡಲು ಬಂದವರ ಮುಂದೆ ಸೊಂಟಕ್ಕೆ ಕೈಯಿಟ್ಟು, ಕೆಲಸ ಸಿಗುವವರೆಗೂ ನನಗೆ ಮದುವೆ ಬೇಡ, ಆಮೇಲೂ ಅಡುಗೆ ಹುಡುಗನದೇ ಎಂದಳು. ಟಾಕೀಸೆಲ್ಲ ನಕ್ಕಿತು.

"ಏನಂತಾಳ್ರಿ?" ಎಂದರು ಅತ್ತೆ.

"ಅತ್ತೆ ಹತ್ರ ಮುದ್ದೆ ತಿರುವಾದು ಕಲ್ತ್ಕಂತೀನಿ ಅಂತಾಳೆ," ಎಂದಳು ಚಿಕ್ಕಮ್ಮ.

"ಅದಕ್ಕ್ಯಾಕೆ ನಗ್ತಾರೆ?"

"ಪ್ಯಾಟೆಯೋರು, ಅನ್ನ ತಿನ್ನೋರು ಕಣ್ರಿ. ಮುದ್ದೆ ಅಂದ್ರೆ ನಗ್ತಾರೆ."

ಅಲ್ಲಿಂದ ಮುಂದೆ ನಾಯಕಿ ಸಿಡುಕಿದಾಗೆಲ್ಲ ಚಿಕ್ಕಮ್ಮನ ಕನ್ನಡದಲ್ಲಿ ಅತ್ತೆಯ ಮಂಡಿನೋವು ವಿಚಾರಿಸಿದಳು. ನಾನು ಬಾಯಿ ಬಿಟ್ಟರೆ ಸಂಬಂಧ ಹೋಗುತ್ತಿತ್ತು; ಬಾಯಿಗೆ ಕಡಲೆಕಾಯಿ ಹಾಕಿಕೊಂಡೆ. ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು.

ಚಿಕ್ಕಮ್ಮ ತಿರುಚಿದ್ದು ನನಗೆ ಗೊತ್ತು. ಎಷ್ಟು ತಿರುಚಿದಳೆಂಬುದು ಮಾತ್ರ ಬರಬರುತ್ತ ಮಸುಕಾಯಿತು. ಮಕ್ಕಳಿಗೆ ಕತೆ ಹೇಳುವಾಗ ನಾಯಕಿ ಮುದ್ದೆ ತಿರುವುತ್ತಾಳೆ. ಕೋಲು ಹಿಡಿದ ಕೈಯ ಹಸಿರು ಬಳೆ ಕೂಡ ನನಗೆ ಕಾಣುತ್ತದೆ. ಕಣ್ಣಾರೆ ಕಂಡೆ ಎನ್ನುವವರನ್ನು ಅದಕ್ಕೇ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಮೊನ್ನೆ ಅದೇ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಟೀವಿಯಲ್ಲಿ ಬಂತು. ಅತ್ತೆ ಗೋಡೆಗೊರಗಿ ಕೂತರು. ಚಿಕ್ಕಮ್ಮ ಈಗ ಅವರ ಆಪ್ತ ಗೆಳತಿ. ಅವಳೊಂದಿಗೆ ಮಾತಾಡದೆ ಅವರಿಗೆ ದಿನ ಕಳೆಯುವುದಿಲ್ಲ. ಆ ಗೆಳೆತನಕ್ಕೇ ಕುತ್ತು ಬಂದಿತ್ತು. ನಾಯಕಿ ಸೊಂಟಕ್ಕೆ ಕೈಯಿಟ್ಟಳು. ಸ್ವಚ್ಛ ಕನ್ನಡದಲ್ಲಿ, ಅಡುಗೆ ಹುಡುಗನದೇ ಎಂದಳು. ಮುದ್ದೆಯೂ ಇಲ್ಲ, ಹಸಿರು ಬಳೆಯೂ ಇಲ್ಲ.

ಅತ್ತೆ ನನ್ನನ್ನೇ ನೋಡಿದರು. "ನಿಮ್ಮ ಚಿಕ್ಕಮ್ಮಗೆ ಫೋನ್ ಮಾಡಿ ಕೊಡು."

ಸ್ಪೀಕರಿಗೆ ಹಾಕಿ ಕೊಟ್ಟೆ.

"ಏನವ್ವ, ಆವತ್ತಿನ ಪಿಚ್ಚರ್ ಬಂದೈತೆ. ಕನ್ನಡ ಮಾಡಕ್ಕೋಗಿ ಎಲ್ಲಾ ಕೆಡ್ಸಿ ಇಕ್ಕವ್ರೆ. ನೀನು ಹೇಳಿದ್ದೇ ಚೆನ್ನಾಗಿತ್ತು."

ಆ ಕಡೆಯಿಂದ ಚಿಕ್ಕಮ್ಮ, "ಈಗಿನೋರಿಗೆ ತೆಲುಗು ಎಲ್ಲಿ ಬರ್ತೈತೆ ಬಿಡ್ರಿ," ಎಂದಳು.

ಅತ್ತೆ ನಂಬಿ ಹೇಳಿದರೋ, ಎಂದೋ ತಿಳಿದುಕೊಂಡು ಹೇಳಿದರೋ, ನಾನು ಕೇಳಲಿಲ್ಲ. ಅವರು ಫೋನ್ ಕೆಳಗಿಟ್ಟು, ಅಡುಗೆಮನೆಯಲ್ಲಿ ಮುದ್ದೆಯ ಹಿಟ್ಟಿನೊಂದಿಗೆ ಗುದ್ದಾಡುತ್ತಿದ್ದ ತಮ್ಮ ಮಗನಿಗೆ ಕೂಗಿ ಹೇಳಿದರು: "ಲೇ, ಗಂಟಾಗದಂಗೆ ತಿರುವಪ್ಪ."